ಆ ಹುಡುಗನಿಗೆ ಇನ್ನಷ್ಟು ಮಗ್ಗಿ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಂದೆ ಬರೆದ ಪತ್ರ ಓದಿದೆ. ಅವರ ಮಗ ಐದನೇ ತರಗತಿ. ಚೆನ್ನಾಗಿ ಓದುತ್ತಾನೆ, ಕಥೆ ಹೇಳುತ್ತಾನೆ, ಚಿತ್ರ ಬಿಡಿಸುತ್ತಾನೆ. ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ. ಮೂರು ವರ್ಷದಿಂದ ದಿನಾ ಸಂಜೆ ಒಂದು ಗಂಟೆ ಮಗ್ಗಿ ಹೇಳಿಸುತ್ತಿದ್ದಾರಂತೆ. ರಾತ್ರಿ ಬಂದದ್ದು ಬೆಳಿಗ್ಗೆ ಇರುವುದಿಲ್ಲ, ಇದು ಸೋಮಾರಿತನವೋ ಹಟವೋ ತಿಳಿಯುತ್ತಿಲ್ಲ ಎಂದು ಬರೆದಿದ್ದರು. ಎರಡು ದಿನ ಬಿಟ್ಟು ಅದಕ್ಕೆ ಬಂದ ಉತ್ತರಗಳಲ್ಲೆಲ್ಲ ಒಂದೇ ಸಲಹೆ. ಒಂದು ಗಂಟೆ ಸಾಲದು, ಎರಡು ಗಂಟೆ ಮಾಡಿಸಿ. ಬರೆಸಿ. ಬಿಡಬೇಡಿ.

ನಾನು 31 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಇದೇ ಸಲಹೆಯನ್ನು ಎಷ್ಟೋ ತಂದೆ ತಾಯಿಗೆ ನಾನೂ ಕೊಟ್ಟಿದ್ದೇನೆ. ಮೊದಲ 18 ವರ್ಷ ನನಗೆ ಬೇರೆ ಉತ್ತರವೇ ಗೊತ್ತಿರಲಿಲ್ಲ. ಅದು ತಪ್ಪು ಎಂದು ನನಗೆ ಕಾಣಿಸಿದ್ದು ಒಬ್ಬ ಹುಡುಗಿಯಿಂದ. ಅವಳ ವಿಷಯ ಹೇಳದೆ ಆ ತಂದೆಗೆ ಉತ್ತರ ಬರೆಯಲು ಆಗುವುದಿಲ್ಲ. ಹಾಗಾಗಿ ಪತ್ರ ಉದ್ದವಾಗುತ್ತದೆ. ಸಾಧ್ಯವಾದರೆ ಕತ್ತರಿ ಹಾಕದೆ ಪ್ರಕಟಿಸಿ.

ಅವಳು ಆರನೇ ತರಗತಿಗೆ ಬಂದು ಸೇರಿದಳು. ಮಾತು ಚುರುಕು. ಪಾಠ ಒಂದು ಸಲ ಕೇಳಿದರೆ ತನ್ನ ಮಾತಿನಲ್ಲಿ ತಿರುಗಿಸಿ ಹೇಳುತ್ತಿದ್ದಳು. ಗಣಿತದ ಪೀರಿಯಡ್ ಬಂತೆಂದರೆ ಮಾತ್ರ ಅವಳ ಎರಡೂ ಕೈ ಬೆಂಚಿನ ಕೆಳಗೆ ಇಳಿಯುತ್ತಿದ್ದವು. ಆರು ತಿಂಗಳು ಹಾಗೇ ನಡೆಯಿತು. ಒಂದು ದಿನ ಎಲ್ಲರೂ ಮನೆಗೆ ಹೋದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ಎಂಟಕ್ಕೆ ಐದು ಕೂಡು ಎಂದೆ. ಬೆರಳು ಬಿಚ್ಚಿದಳು. ಒಂದು, ಎರಡು, ಮೂರು ಎಂದು ಎಂಟರವರೆಗೆ ಹೋದಳು. ಮತ್ತೆ ಒಂದರಿಂದ ಐದು ಎಣಿಸಬೇಕು, ಬೆರಳು ಸಾಲಲಿಲ್ಲ. ಎಂಟು ಯಾವ ಬೆರಳಿಗೆ ನಿಂತಿತ್ತು ಎನ್ನುವುದು ಕೈತಪ್ಪಿತು. ಮೊದಲಿಂದ ಶುರು. ಮೂರನೇ ಸಲಕ್ಕೆ ಹನ್ನೆರಡು ಎಂದಳು. ನನ್ನ ಮುಖ ನೋಡಿ, ‘ಹದಿನಾಲ್ಕಾ?’ ಎಂದಳು.

ಏನು ತೋಚಿತೋ, ಅವಳ ಎಡಗೈ ಹಿಡಿದೆತ್ತಿ, ‘ಇದರಲ್ಲಿ ಎಷ್ಟು ಬೆರಳಿದೆ?’ ಎಂದೆ. ಅವಳು ಬಲಗೈಯ ತೋರುಬೆರಳಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿದಳು. ಐದು. ಕೈ ಮಡಚಿಸಿ ಮತ್ತೆ ಬಿಚ್ಚಿಸಿದೆ. ಈಗ ಎಷ್ಟು? ಮತ್ತೆ ಮುಟ್ಟಿ ಎಣಿಸಿದಳು. ಬಲಗೈ ಎತ್ತಿಸಿದೆ. ಅದನ್ನೂ ಎಣಿಸಿದಳು. ಕೈಯಲ್ಲಿ ಐದು ಬೆರಳಿದೆ ಎನ್ನುವುದು ನಮಗೆಲ್ಲ ಎಣಿಸದೆಯೇ ಕಾಣುವ ಸಂಗತಿ. ಹನ್ನೊಂದು ವರ್ಷದ ಆ ಹುಡುಗಿಗೆ ಅದು ಪ್ರತಿಸಲ ಹೊಸದಾಗಿ ಹುಡುಕಬೇಕಾದ ಉತ್ತರ. ಅಂಥವಳಿಗೆ ನಾನು ಒಂದು ತಿಂಗಳಿಂದ ಭಿನ್ನರಾಶಿ ಕಲಿಸುತ್ತಿದ್ದೆ. ಬರಲಿಲ್ಲ ಎಂದು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಅವತ್ತಿನಿಂದ ಓದಲು ಶುರು ಮಾಡಿದೆ. ಇದಕ್ಕೆ ಡಿಸ್ಕ್ಯಾಲ್ಕುಲಿಯಾ ಎಂಬ ಹೆಸರಿದೆ. ಗಣಿತದ ಕಲಿಕಾ ನ್ಯೂನತೆ ಎಂದು ಕನ್ನಡದಲ್ಲಿ ಹೇಳುತ್ತಾರೆ. ಬ್ರಾಟಿಸ್ಲಾವಾದ ಮನಶ್ಶಾಸ್ತ್ರಜ್ಞ ಲಾಡಿಸ್ಲಾವ್ ಕೋಶ್ಚ್ 1974ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಮಗುವಿನ ಬುದ್ಧಿಗೆ ಏನೂ ಆಗಿರುವುದಿಲ್ಲ, ಸಂಖ್ಯೆಯನ್ನು ಹಿಡಿಯುವ ಶಕ್ತಿಯೊಂದೇ ಹಿಂದೆ ಬಿದ್ದಿರುತ್ತದೆ ಎನ್ನುವುದು ಅದರ ತಿರುಳು. ಬೇರೆ ಬೇರೆ ದೇಶಗಳ ಅಧ್ಯಯನಗಳು ನೂರರಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇದು ಇರುತ್ತದೆ ಎನ್ನುತ್ತವೆ. 40 ಮಕ್ಕಳ ತರಗತಿ ಎಂದರೆ ಒಬ್ಬರೋ ಇಬ್ಬರೋ. ನಾನು ಅದಕ್ಕೂ ಮೊದಲು 18 ವರ್ಷ ಕಲಿಸಿದ್ದೆ ಅಂದೆನಲ್ಲ, ಆ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೊಂದು ಮುಖವೂ ನೆನಪಾಯಿತು.

ಎಣಿಸದೆ ಕಾಣುವುದು ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ವಿಷಯ ಅಲ್ಲೇ ಇದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1871ರಲ್ಲಿ ತನ್ನ ಮೇಲೇ ಒಂದು ಪರೀಕ್ಷೆ ಮಾಡಿಕೊಂಡ. ಕಾಳುಗಳನ್ನು ಒಂದು ಪೆಟ್ಟಿಗೆಯ ಕಡೆ ಎಸೆಯುವುದು, ಒಳಗೆ ಬಿದ್ದದ್ದು ಎಷ್ಟು ಎಂದು ಕಣ್ಣು ಬಿದ್ದ ತಕ್ಷಣ ಹೇಳುವುದು. ಸಾವಿರಕ್ಕೂ ಹೆಚ್ಚು ಸಲ ಮಾಡಿದ. ಮೂರೋ ನಾಲ್ಕೋ ಕಾಳು ಇದ್ದಾಗ ಒಂದು ಸಲವೂ ತಪ್ಪಲಿಲ್ಲ. ಐದು ಆದಾಗ ತಪ್ಪು ಶುರುವಾಯಿತು. ಅಂದರೆ ನಾಲ್ಕರವರೆಗೆ ನಮ್ಮ ಕಣ್ಣೇ ಹೇಳಿಬಿಡುತ್ತದೆ. ಅದರ ಮೇಲಿನದನ್ನು ನಾವು ಗುಂಪು ಕಟ್ಟಿ ನೋಡುತ್ತೇವೆ. ದಾಳದ ಆರು ಚುಕ್ಕಿಯನ್ನು ಯಾರೂ ಎಣಿಸುವುದಿಲ್ಲ ಅಲ್ವಾ? ಮೂರು, ಮೂರು ಎಂದು ಕಾಣುತ್ತದೆ. ಡಿಸ್ಕ್ಯಾಲ್ಕುಲಿಯಾ ಇರುವ ಅನೇಕ ಮಕ್ಕಳಲ್ಲಿ ಈ ಕಣ್ಣಳತೆಯೇ ನಿಧಾನ. ಚುಕ್ಕಿ ಎಷ್ಟು ಎಂದು ಹೇಳಲು, ಎರಡು ಅಂಕಿಯಲ್ಲಿ ಯಾವುದು ದೊಡ್ಡದು ಎಂದು ಹೇಳಲು ಅವರಿಗೆ ಉಳಿದವರಿಗಿಂತ ಹೆಚ್ಚು ಹೊತ್ತು ಬೇಕು. ಲಂಡನ್ನಿನ ಬ್ರಯಾನ್ ಬಟರ್‌ವರ್ತ್ ಇದನ್ನೇ ಹಿಡಿದು ಮಕ್ಕಳನ್ನು ಗುರುತಿಸುವ ಪರೀಕ್ಷೆ ರೂಪಿಸಿದರು. ಮಿದುಳಿನಲ್ಲಿ ಪ್ರಮಾಣದ ಅರಿವಿಗೆ ಸಂಬಂಧಪಟ್ಟ ಒಂದು ಜಾಗವಿದೆ, ನೆತ್ತಿಯ ಸ್ವಲ್ಪ ಹಿಂದಕ್ಕೆ. ಈ ಮಕ್ಕಳಲ್ಲಿ ಆ ಜಾಗ ಬೇರೆ ರೀತಿ ಕೆಲಸ ಮಾಡುವುದನ್ನು ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು?

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಬಂದ ಮಗ್ಗಿ ಬೆಳಿಗ್ಗೆ ಯಾಕೆ ಇರುವುದಿಲ್ಲ? ‘ಏಳೆಂಟ್ಲ ಐವತ್ತಾರು’ ಎನ್ನುವಾಗ ನಮ್ಮ ಮನಸ್ಸಿನಲ್ಲಿ ಐವತ್ತಾರು ಎಲ್ಲೋ ಒಂದು ಕಡೆ ಕೂತಿರುತ್ತದೆ. ಐವತ್ತಕ್ಕಿಂತ ಸ್ವಲ್ಪ ಮೇಲೆ, ಅರವತ್ತಕ್ಕೆ ಸ್ವಲ್ಪ ಕೆಳಗೆ. ತಪ್ಪಿ ಎಂಬತ್ತಾರು ಎಂದರೆ ನಮಗೇ ಕಸಿವಿಸಿ. ಆ ಹುಡುಗನಿಗೆ ಅದು ಬರೀ ಸದ್ದು. ಗೊತ್ತಿಲ್ಲದ ಭಾಷೆಯ ನೂರು ಸಾಲು ಉರು ಹೊಡೆದು, ನಡುವಿನ ಅರವತ್ತೇಳನೇ ಸಾಲು ಹೇಳು ಎಂದರೆ ನಮಗೆ ಹೇಗಾದೀತು? ಅದರಲ್ಲೂ ಸಾಲುಗಳೆಲ್ಲ ಒಂದೇ ಥರ ಕೇಳಿಸಿದರೆ? ಆರೆಂಟ್ಲ ನಲವತ್ತೆಂಟು, ಆರೊಂಬತ್ಲ ಐವತ್ತನಾಲ್ಕು, ಏಳೆಂಟ್ಲ ಐವತ್ತಾರು. ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಎರಡು ಗಂಟೆ ಮಾಡಿಸಿದರೆ ಅಂಟಿಕೊಳ್ಳುವುದು ಇನ್ನೂ ಜಾಸ್ತಿ.

ನನ್ನ ಹುಡುಗಿಗೆ ಹೆದರಿಕೆಯೂ ಸೇರಿಕೊಂಡಿತ್ತು. ಲೆಕ್ಕ ಮಾಡುವಾಗ ಕೈಯಲ್ಲಿರುವ ಅಂಕಿಗಳನ್ನು ಮನಸ್ಸು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಜಾಗ ಕಡಿಮೆ. ಹೆದರಿಕೆ ಬಂದು ಕೂತರೆ ಇರುವ ಜಾಗವನ್ನೂ ಅದೇ ತಿನ್ನುತ್ತದೆ. ಗಡಿಯಾರ ಹಿಡಿದು ‘ಬೇಗ ಹೇಳು, ಬೇಗ’ ಎನ್ನುವವರು ಇದನ್ನು ದಯವಿಟ್ಟು ಯೋಚಿಸಬೇಕು. ಬಾಯಿಲೆಕ್ಕದ ಸ್ಪರ್ಧೆಯಲ್ಲಿ ಎದ್ದು ನಿಂತು ಬಾಯಿ ಬಿಡಲಾಗದೆ ಕಣ್ಣು ತುಂಬಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಆ ಸ್ಪರ್ಧೆ ನಡೆಸಿದವಳೂ ನಾನೇ.

ಕಲಿಸುವುದು ಹೇಗೆ? ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ‘ಪ್ರೀತಿಯಿಂದ ಹೇಳಿಕೊಡಿ’ ಎನ್ನುವ ಮಾತು ಎಲ್ಲರೂ ಹೇಳುತ್ತಾರೆ. ಪ್ರೀತಿ ಇದ್ದ ತಂದೆಗೂ ನಾಳೆ ಸಂಜೆ ಏನು ಮಾಡಬೇಕು ಎನ್ನುವುದು ಗೊತ್ತಿರಬೇಕಲ್ಲ.

ನಾನು ಹಳೆಯ ಅಂಗಿಗಳಿಂದ ಕತ್ತರಿಸಿದ ಗುಂಡಿಗಳನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಆರನೇ ತರಗತಿಯ ಪುಸ್ತಕ ಮುಚ್ಚಿಟ್ಟೆ. ಮೇಜಿನ ಮೇಲೆ ಐದು ಗುಂಡಿ ಇಟ್ಟು ಎಣಿಸಲು ಹೇಳಿದೆ. ಅವಳು ಕಣ್ಣು ಮುಚ್ಚಿದಾಗ ಎರಡರ ಮೇಲೆ ಕೈ ಮುಚ್ಚಿದೆ. ‘ನನ್ನ ಕೈ ಕೆಳಗೆ ಎಷ್ಟಿದೆ?’ ಮೊದಲ ದಿನ ಅವಳಿಗೆ ಅದು ಒಗಟು. ಹೊರಗೆ ಮೂರು ಕಾಣುತ್ತಿದೆ, ಒಟ್ಟು ಐದು ಎಂದು ತಾನೇ ಎಣಿಸಿದ್ದಾಳೆ. ಆದರೂ ಒಳಗಿನದು ನಾಲ್ಕು ಎಂದಳು. ಕೈ ಎತ್ತಿ ತೋರಿಸಿದೆ. ಮತ್ತೆ ಮುಚ್ಚಿದೆ. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಐದರ ಜೊತೆಗೇ ಮೂರು ವಾರ ಕಳೆದೆವು. ಒಂದು ಮತ್ತು ನಾಲ್ಕು, ಎರಡು ಮತ್ತು ಮೂರು, ಸೊನ್ನೆ ಮತ್ತು ಐದು. ಮೂರು ವಾರ ಎಂದರೆ ನಿಮಗೆ ವಿಪರೀತ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಮೂರನೇ ವಾರದ ಕೊನೆಗೆ ನಾನು ಕೈ ಎತ್ತುವ ಮೊದಲೇ ಅವಳು ನಕ್ಕಳು. ‘ಟೀಚರ್, ನೀವು ಮೂರು ಮುಚ್ಚಿದ್ರಿ, ಎರಡು ಇಲ್ಲೇ ಕಾಣ್ತಿದೆ.’ ಕಾಣ್ತಿದೆ ಎಂದಳು. ಎಣಿಸಿದೆ ಎನ್ನಲಿಲ್ಲ.

ಆಮೇಲೆ ಹತ್ತು. ಹತ್ತಕ್ಕೆ ರಟ್ಟಿನ ಪಟ್ಟಿಗಳನ್ನು ಮಾಡಿದೆ. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್ ಒಂದರಿಂದ ಹತ್ತು ಸೆಂಟಿಮೀಟರ್ ಉದ್ದದ ಬಣ್ಣದ ಕಡ್ಡಿಗಳನ್ನು ಮಾಡಿ ಮಕ್ಕಳಿಗೆ ಕೊಟ್ಟಿದ್ದರು, ಒಂದೊಂದು ಉದ್ದಕ್ಕೆ ಒಂದೊಂದು ಬಣ್ಣ. ನನ್ನದು ಅದರದೇ ನಕಲು, ಬಣ್ಣ ಅವಳೇ ಹಚ್ಚಿದಳು. ಏಳರ ಪಟ್ಟಿಯ ಪಕ್ಕ ಯಾವುದನ್ನು ಇಟ್ಟರೆ ಹತ್ತರ ಪಟ್ಟಿಗೆ ಸಮ ಆಗುತ್ತದೆ? ಇಟ್ಟು ನೋಡುವುದು, ಉದ್ದವಾದರೆ ತೆಗೆಯುವುದು. ತಪ್ಪು ಎಂದು ನಾನು ಹೇಳಬೇಕಾಗಿಯೇ ಇರಲಿಲ್ಲ, ಪಟ್ಟಿಯೇ ಹೇಳುತ್ತಿತ್ತು. ಕೈಯಲ್ಲಿ ಮಾಡಿದ್ದನ್ನು ಮುಂದೆ ಚಿತ್ರ ಬರೆದಳು. ಚಿತ್ರ ಬರೆದದ್ದನ್ನು ಕೊನೆಗೆ ಅಂಕಿಯಲ್ಲಿ ಬರೆದಳು. ಶಾಲೆಗಳಲ್ಲಿ ನಾವು ನೇರವಾಗಿ ಕೊನೆಯ ಮೆಟ್ಟಿಲಿಗೆ ಹಾರುತ್ತೇವೆ. ಹೆಚ್ಚಿನ ಮಕ್ಕಳು ಹೇಗೋ ಹಾರಿಬಿಡುತ್ತಾರೆ, ಇವರು ಕೆಳಗೇ ಉಳಿಯುತ್ತಾರೆ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಎಣಿಕೆಯ ಪದಗಳು ಈ ಮಕ್ಕಳಿಗೆ ಸಹಾಯವನ್ನೂ ಮಾಡುತ್ತವೆ, ತೊಂದರೆಯನ್ನೂ ಕೊಡುತ್ತವೆ. ಇಪ್ಪತ್ತಮೂರು ಎಂದಾಗ ಹತ್ತುಗಳು ಮೊದಲು, ಬಿಡಿ ಆಮೇಲೆ. ಬರೆಯುವುದೂ ಅದೇ ಸಾಲಿನಲ್ಲಿ. ಹದಿಮೂರಿನಲ್ಲೂ ಹತ್ತೇ ಮೊದಲು. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಕೇಳಿಸುತ್ತದೆ, ಅದಕ್ಕೇ ಕೆಲವು ಮಕ್ಕಳು 31 ಎಂದು ಬರೆಯುತ್ತಾರೆ. ಆ ತೊಂದರೆ ನಮಗಿಲ್ಲ. ಆದರೆ ಒಂಬತ್ತು, ಎಂಬತ್ತು, ತೊಂಬತ್ತು ಈ ಮೂರನ್ನು ಜೋರಾಗಿ ಹೇಳಿ ನೋಡಿ. ಒಂಬತ್ತು ಬಿಡಿ ಸಂಖ್ಯೆ, ಆದರೆ ಕಿವಿಗೆ ಹತ್ತುಗಳ ಮನೆಯದರಂತೆ ಕೇಳುತ್ತದೆ. ನನ್ನ ಹುಡುಗಿ ಎಂಬತ್ತೊಂಬತ್ತು ಎಂದರೆ 98 ಬರೆಯುತ್ತಿದ್ದಳು, ತೊಂಬತ್ತೆಂಟು ಎಂದರೆ 89. ನೂರ ಮೂರು ಎಂದರೆ 1003. ನೂರು ಬರೆದು ಪಕ್ಕದಲ್ಲಿ ಮೂರು ಬರೆದಳು, ಅವಳ ದೃಷ್ಟಿಯಲ್ಲಿ ಹೇಳಿದ್ದನ್ನೇ ಬರೆದಳು. ನಾನು ಅದರ ಮೇಲೆ ಕೆಂಪು ಗೀಟು ಎಳೆದು ಎಳೆದು ಸುಸ್ತಾಗಿದ್ದೆ, ಯಾಕೆ ಹಾಗೆ ಬರೆಯುತ್ತಾಳೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅದಕ್ಕೆ ಕಡ್ಡಿಗಳು. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿದೆವು. ಎಂಬತ್ತೊಂಬತ್ತು ಅಂದರೆ ಎಂಟು ಕಟ್ಟು, ಒಂಬತ್ತು ಬಿಡಿ. ಕೆಲವು ತಿಂಗಳು ಎರಡು ಹೆಸರನ್ನೂ ಹೇಳುತ್ತಿದ್ದೆವು. ‘ಎಂಟು ಹತ್ತು ಒಂಬತ್ತು, ಎಂಬತ್ತೊಂಬತ್ತು.’ ಕಳೆಯುವ ಲೆಕ್ಕದಲ್ಲಿ ‘ಪಕ್ಕದಿಂದ ಸಾಲ ತಗೋ’ ಎನ್ನುವುದನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಯಾರಿಂದ ಸಾಲ, ಎಷ್ಟು ಸಾಲ, ಯಾವಾಗ ತೀರಿಸುವುದು, ಮಕ್ಕಳಿಗೆ ಏನೂ ತಿಳಿಯುವುದಿಲ್ಲ. 52ರಲ್ಲಿ 37 ಕಳೆ ಎಂದರೆ ಏಳರಲ್ಲಿ ಎರಡು ಕಳೆದು ಐದು, ಐದರಲ್ಲಿ ಮೂರು ಕಳೆದು ಎರಡು, ಉತ್ತರ 25 ಎಂದು ಬರೆಯುತ್ತಾರೆ. ಅವಳ ಕೈಗೆ ಐದು ಕಟ್ಟು ಎರಡು ಬಿಡಿ ಕೊಟ್ಟು, ಏಳು ಬಿಡಿ ಕೊಡು ಎಂದೆ. ಎರಡನ್ನು ಕೊಟ್ಟಳು. ಇನ್ನು ಐದು ಬೇಕು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಕಟ್ಟುಗಳನ್ನು ನೋಡಿದಳು. ಆಮೇಲೆ ಒಂದರ ರಬ್ಬರ್ ಬ್ಯಾಂಡ್ ತಾನೇ ಬಿಚ್ಚಿದಳು. ಆ ರಬ್ಬರ್ ಬ್ಯಾಂಡ್ ಬಿಚ್ಚಿದ ಸದ್ದು ನನಗೆ ಇನ್ನೂ ನೆನಪಿದೆ.

ಮಗ್ಗಿಯನ್ನೂ ಬಿಡಲಿಲ್ಲ. ಆ ತಂದೆ ಗಾಬರಿಯಾಗುವುದು ಬೇಡ. ಆದರೆ ಇಪ್ಪತ್ತರವರೆಗಿನ ಮಗ್ಗಿಯ ಆಸೆ ಬಿಟ್ಟೆವು. ಎರಡು, ಐದು, ಹತ್ತು, ಇಷ್ಟನ್ನು ಮಾತ್ರ ಗಟ್ಟಿ ಮಾಡಿಕೊಂಡಳು. ಉಳಿದದ್ದನ್ನು ಅದರಿಂದಲೇ ಕಟ್ಟುವುದು. ಏಳೆಂಟು ಎಷ್ಟು? ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಎರಡೂ ಸೇರಿ ಐವತ್ತಾರು. ಚೌಕುಳಿ ಹಾಳೆಯ ಮೇಲೆ ಎಂಟು ಚೌಕದ ಏಳು ಸಾಲು ಬಣ್ಣ ಹಚ್ಚಿ, ಐದು ಸಾಲು ಆದ ಮೇಲೆ ಒಂದು ಗೆರೆ ಎಳೆದರೆ ಅದೇ ಕಾಣುತ್ತದೆ. ನಿಧಾನವೇ. ಆದರೆ ಮರೆತರೆ ಮತ್ತೆ ಕಟ್ಟಿಕೊಳ್ಳಬಹುದು. ಉರು ಹೊಡೆದದ್ದು ಮರೆತರೆ ಏನೂ ಉಳಿಯುವುದಿಲ್ಲ. ಅದೇ ಚೌಕುಳಿ ಹಾಳೆ ಇನ್ನೊಂದು ಕೆಲಸಕ್ಕೂ ಬಂತು. ಒಂದು ಚೌಕಕ್ಕೆ ಒಂದೇ ಅಂಕಿ ಬರೆದಾಗ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ತಾನಾಗಿ ಕೂತಿತು.

ಗಡಿಯಾರ ನೋಡುವುದು, ಹಿಂದಕ್ಕೆ ಎಣಿಸುವುದು, ಅಂದಾಜು ಹೇಳುವುದು, ಚಿಲ್ಲರೆ ಸರಿ ನೋಡಿಕೊಳ್ಳುವುದು ಇವೆಲ್ಲ ಅವಳಿಗೆ ಕಷ್ಟವಾಗಿಯೇ ಉಳಿದವು. ಅದರಲ್ಲಿ ಕೆಲವು ಸುಧಾರಿಸಿದವು, ಕೆಲವು ಇಲ್ಲ.

ಅವಳ ಅಪ್ಪನನ್ನು ಕರೆಸಿ ಮಾತಾಡಿದೆ. ಪರೀಕ್ಷೆ ಮಾಡಿಸೋಣ, ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಎಂದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ‘ಟೀಚರ್, ನನಗೂ ಬರ್ತಿರಲಿಲ್ಲ. ಈಗಲೂ ಬರಲ್ಲ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ’ ಎಂದರು. ಇದು ಕುಟುಂಬಗಳಲ್ಲಿ ಹರಿದು ಬರುವುದುಂಟು ಎಂದು ಓದಿದ್ದೆ. ಆದರೆ ನಲವತ್ತು ದಾಟಿದ ಗಂಡಸು ಅದನ್ನು ತಲೆ ತಗ್ಗಿಸಿ ಹೇಳಿದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಗಳಿಗೆ ಆ ಹೆಸರು ಅಂಟಿಸಬೇಡಿ ಎಂದು ಕೇಳಿಕೊಂಡರು. ಅವರ ಭಯ ಅರ್ಥವಾಗುತ್ತದೆ. ಆದರೆ ಅವಳಿಗೆ ಆಗಲೇ ಬೇರೊಂದು ಹೆಸರು ಅಂಟಿತ್ತು, ದಡ್ಡಿ ಎಂದು. ಅದನ್ನು ಯಾವ ಪರೀಕ್ಷೆಯೂ ಮಾಡದೆ ಅಂಟಿಸಿದ್ದೆವು. ಪರೀಕ್ಷೆ ಆಗಿ, ಹೆಸರು ಗೊತ್ತಾದ ದಿನ ಅವಳು ಅಳಲಿಲ್ಲ. ‘ಇದು ಇರೋರು ನಮ್ಮ ಕ್ಲಾಸಲ್ಲಿ ಬೇರೆ ಯಾರಾದ್ರೂ ಇದ್ದಾರಾ?’ ಎಂದು ಕೇಳಿದಳು. ನಾನು ಮರುದಿನ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಯಾವಾಗಲೂ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ ಹುಡುಗನನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಂದು ವಾರದ ಮೇಲೆ ಗುಂಡಿ ಡಬ್ಬಿಯ ಎದುರು ಇಬ್ಬರು ಕೂತಿದ್ದರು.

ಲೆಕ್ಕ ಬಾರದ ಮಕ್ಕಳಿಗೆಲ್ಲ ಡಿಸ್ಕ್ಯಾಲ್ಕುಲಿಯಾ ಇದೆ ಎಂದು ನಾನು ಹೇಳುತ್ತಿಲ್ಲ. ಶಾಲೆ ತಪ್ಪಿಸಿಕೊಂಡವರು, ಕಣ್ಣು ಕಿವಿಯ ತೊಂದರೆ ಇರುವವರು, ನಡುವೆ ಮಾಧ್ಯಮ ಬದಲಾದವರು, ನಮ್ಮಂಥವರಿಂದ ಸರಿಯಾಗಿ ಪಾಠ ಸಿಗದವರು ಎಷ್ಟೋ ಜನ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ, ಸರಿಯಾದ ಸಹಾಯ ಕೊಟ್ಟ ಮೇಲೂ ಕನಿಷ್ಠ ಆರು ತಿಂಗಳು ತೊಂದರೆ ಉಳಿದಿರಬೇಕು ಎಂಬ ನಿಯಮ ಇದೆ. ಅದು ನ್ಯಾಯವಾದ ಮಾತು. ಮೊದಲು ಸಹಾಯ ಕೊಡಿ, ನೋಡಿ. ಕೆಲವು ಮಕ್ಕಳಿಗೆ ಓದುವ ತೊಂದರೆಯೂ, ಗಮನ ನಿಲ್ಲದ ತೊಂದರೆಯೂ ಇದರ ಜೊತೆಗೇ ಇರುತ್ತದೆ. ಅದನ್ನು ಬಿಡಿಸಿ ನೋಡಲು ತಿಳಿದವರೇ ಬೇಕು, ಮನೆಯಲ್ಲಿ ನಿರ್ಧರಿಸುವ ವಿಷಯ ಅದಲ್ಲ. ಇನ್ನೊಂದು ಕಡೆ, ‘ಗಣಿತ ಎಲ್ಲರಿಗೂ ಕಬ್ಬಿಣದ ಕಡಲೆಯೇ’ ಎನ್ನುವ ಮಾತಿದೆಯಲ್ಲ, ಅದು ನನಗೆ ಈಗ ಕೇಳಲಾಗುವುದಿಲ್ಲ. ಎಲ್ಲರಿಗೂ ಕಷ್ಟ ಎಂದುಬಿಟ್ಟರೆ ನಿಜವಾಗಿ ಅಗಿಯಲು ಆಗದ ಮಗು ಆ ಗುಂಪಿನಲ್ಲಿ ಕಳೆದುಹೋಗುತ್ತದೆ.

ಶಾಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪರೀಕ್ಷೆಯಲ್ಲಿ ಅವಳಿಗೆ ಸ್ವಲ್ಪ ಹೆಚ್ಚು ಸಮಯ, ಪಕ್ಕದಲ್ಲಿ ಒಂದು ಮಗ್ಗಿಯ ಹಾಳೆ, ಇಷ್ಟು ಕೊಡಿ ಎಂದು ನಾನು ಕೆಲಸ ಮಾಡುತ್ತಿದ್ದ ಶಾಲೆಯ ಮುಖ್ಯಸ್ಥರನ್ನು ಕೇಳಿದೆ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಅದು ನಕಲು ಮಾಡಿದ ಹಾಗೆ ಎಂದರು. ನಾನು ಜಗಳ ಆಡಲಿಲ್ಲ. ನನ್ನ ತರಗತಿಯ ಕಿರುಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಮಗ್ಗಿಯ ಹಾಳೆ ಕೊಟ್ಟೆ. ಮಗ್ಗಿ ಬರುವವರು ಅದನ್ನು ತಿರುಗಿಯೂ ನೋಡಲಿಲ್ಲ. ಹುಡುಕಿ ನೋಡುವುದಕ್ಕಿಂತ ನೆನಪಿನಿಂದ ಬರೆಯುವುದೇ ಅವರಿಗೆ ಬೇಗ. ನೋಡಿದವರು ಬೇಕಾಗಿದ್ದವರು ಮಾತ್ರ. ಪ್ರಶ್ನೆ ಒಂದು ಕೋಣೆಯ ನೆಲಕ್ಕೆ ಎಷ್ಟು ಹಾಸು ಬೇಕು ಎನ್ನುವುದು. ಉದ್ದವನ್ನು ಅಗಲದಿಂದ ಗುಣಿಸಬೇಕು ಎಂದು ಮಗ್ಗಿಯ ಹಾಳೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ನನ್ನ ಹುಡುಗಿ ಅದನ್ನು ತಾನೇ ಯೋಚಿಸಿ ಬರೆದಿದ್ದಳು, ಬಾಗಿಲಿನ ಹತ್ತಿರದ ಮೂಲೆಯನ್ನು ಕಳೆಯುವುದನ್ನೂ ಮರೆತಿರಲಿಲ್ಲ. ಅಲ್ಲಿಯವರೆಗೆ ಅವಳಿಗೆ ಯೋಚಿಸಲು ಬರುತ್ತದೆ ಎನ್ನುವುದು ಯಾರಿಗೂ ಗೊತ್ತೇ ಆಗಿರಲಿಲ್ಲ, ಏಳೆಂಟ್ಲ ಎಷ್ಟು ಎನ್ನುವಲ್ಲೇ ಅವಳ ಪರೀಕ್ಷೆ ಮುಗಿದುಹೋಗುತ್ತಿತ್ತು. ಆ ಉತ್ತರ ಪತ್ರಿಕೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟು ಬಂದೆ. ಮುಂದಿನ ಪರೀಕ್ಷೆಗೆ ಹೆಚ್ಚಿನ ಸಮಯ ಸಿಕ್ಕಿತು. ಹಾಳೆ ಸಿಗಲಿಲ್ಲ.

ಇನ್ನು ಪತ್ರ ಬರೆದ ಆ ತಂದೆಗೆ. ನಾಳೆ ಸಂಜೆ ಮಗ್ಗಿ ಪುಸ್ತಕ ಎತ್ತಿಡಿ. ಮಗನಿಗೆ ಬಯ್ಯಬೇಡಿ, ಹೊಗಳಲೂ ಬೇಡಿ, ಸುಮ್ನೆ ಜೊತೆಗೆ ಕೂತುಕೊಳ್ಳಿ. ಆರು ಗುಂಡಿ ಇಡಿ. ಕೆಲವನ್ನು ಮುಚ್ಚಿ, ಎಷ್ಟು ಮುಚ್ಚಿದೆ ಎಂದು ಕೇಳಿ. ಬೆರಳು ಮಡಚಿ ಎಣಿಸಿದರೆ ಎಣಿಸಲಿ. ಬೆರಳೆಣಿಕೆ ನಾಚಿಕೆಯ ವಿಷಯ ಎಂದು ಹೇಳಿಕೊಟ್ಟವರು ನಾವು, ಅದನ್ನು ಬೆಂಚಿನ ಕೆಳಗೆ ಇಳಿಸಿದವರೂ ನಾವು. ಆರು ಕಷ್ಟ ಅನಿಸಿದರೆ ನಾಲ್ಕಕ್ಕೆ ಇಳಿಯಿರಿ. ಐದನೇ ತರಗತಿಯ ಹುಡುಗನಿಗೆ ನಾಲ್ಕು ಗುಂಡಿಯೇ ಎಂದು ನಿಮ್ಮ ಮುಖದಲ್ಲಿ ಕಾಣಿಸದಿರಲಿ, ಮಕ್ಕಳು ಅದನ್ನು ಮೊದಲು ಓದುತ್ತಾರೆ. ಹತ್ತು ನಿಮಿಷಕ್ಕೆ ನಿಲ್ಲಿಸಿ, ಅವನು ಇನ್ನೂ ಬೇಕು ಎಂದರೂ ನಿಲ್ಲಿಸಿ. ಉಳಿದ ಐವತ್ತು ನಿಮಿಷ ಅವನು ಚಿತ್ರ ಬಿಡಿಸಲಿ. ಅವನು ಎಲ್ಲಿ ತಪ್ಪುತ್ತಾನೆ, ಹೇಗೆ ತಪ್ಪುತ್ತಾನೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಪರೀಕ್ಷೆ ಮಾಡಿಸಲು ಹೋದಾಗ ಅಂಕಪಟ್ಟಿಗಿಂತ ಆ ಪುಸ್ತಕ ಹೆಚ್ಚು ಹೇಳುತ್ತದೆ. ಶಿಕ್ಷಕರಿಗೂ ತೋರಿಸಿ. ನನಗೆ ಯಾರಾದರೂ ಅಂಥದ್ದೊಂದು ಪುಸ್ತಕ ತಂದು ತೋರಿಸಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು.

ನನ್ನ ಹುಡುಗಿ ಈಗ ದೊಡ್ಡವಳು, ಕೆಲಸದಲ್ಲಿದ್ದಾಳೆ. ಡಿಸ್ಕ್ಯಾಲ್ಕುಲಿಯಾ ಹೋಗಿಲ್ಲ, ಅದು ಹೋಗುವಂಥದ್ದಲ್ಲ. ಸುಸ್ತಾದ ದಿನ ಏಳಕ್ಕೆ ಆರು ಕೂಡಿದರೆ ಎಷ್ಟು ಎನ್ನುವುದಕ್ಕೆ ಈಗಲೂ ಆರಕ್ಕೆ ಆರು ಹನ್ನೆರಡು, ಇನ್ನೊಂದು ಎಂದು ಕಟ್ಟಿಕೊಳ್ಳುತ್ತಾಳಂತೆ. ಲೆಕ್ಕ ಜಾಸ್ತಿ ಇದ್ದ ದಿನ ಕ್ಯಾಲ್ಕುಲೇಟರ್ ತೆಗೆಯುತ್ತಾಳೆ, ಯಾರ ಎದುರಿಗಾದರೂ ತೆಗೆಯುತ್ತಾಳೆ.

ಸಂಪಾದಕರೇ, ಆ ತಂದೆಯ ವಿಳಾಸ ನಿಮ್ಮ ಕಚೇರಿಯಲ್ಲಿ ಇರಬೇಕು. ಅವರಿಗೆ ಒಪ್ಪಿಗೆ ಇದ್ದರೆ ನನ್ನ ವಿಳಾಸವನ್ನು ತಲುಪಿಸಿ, ಲಕೋಟೆಯ ಹಿಂದೆ ಬರೆದಿದ್ದೇನೆ. ಗುಂಡಿ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ರಟ್ಟಿನ ಪಟ್ಟಿಗಳ ಬಣ್ಣ ಸ್ವಲ್ಪ ಮಾಸಿದೆ, ಏಳರದು ಮಾತ್ರ ಕಳೆದಿತ್ತು, ಹೊಸದು ಕತ್ತರಿಸಿ ಇಟ್ಟಿದ್ದೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಗಣಿತ ಶಿಕ್ಷಕಿ